ವಿಲಿಯಂ ಬ್ಯಾಂಟಿಂಗ್

ವಿಲಿಯಂ ಬ್ಯಾಂಟಿಂಗ್ (ಸು. ಡಿಸೆಂಬರ್ 1796 – 16 ಮಾರ್ಚ್ 1878) ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದ ಪ್ರತಿಷ್ಠಿತ ಶವಸಂಸ್ಕಾರ ವ್ಯವಸ್ಥಾಪಕರಲ್ಲಿ ಒಬ್ಬರು. ಬ್ರಿಟನ್ನಿನ ರಾಜಮನೆತನದ ಅಂತ್ಯಕ್ರಿಯೆಗಳನ್ನು ನಡೆಸಿಕೊಡುತ್ತಿದ್ದ ಕುಟುಂಬಕ್ಕೆ ಸೇರಿದ ಅವರು ಇಂದು ನೆನಪಿನಲ್ಲಿ ಉಳಿದಿರುವುದು ತಮ್ಮ ವೃತ್ತಿಯಿಂದಲ್ಲ, ಬೊಜ್ಜಿನ ಕುರಿತು 1863ರಲ್ಲಿ ಅವರು ಬರೆದ ಚಿಕ್ಕದೊಂದು ಪುಸ್ತಿಕೆಯಿಂದ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸ್ಥೂಲಕಾಯದಿಂದ ಬಳಲಿ, ವೈದ್ಯರು ಹೇಳಿದ ಉಪಾಯಗಳನ್ನೆಲ್ಲ ಪ್ರಯೋಗಿಸಿ ಸೋತಿದ್ದ ಅವರು, ಸಕ್ಕರೆ ಮತ್ತು ಪಿಷ್ಟವನ್ನು ಬಹುಮಟ್ಟಿಗೆ ಬಿಟ್ಟ ಆಹಾರಕ್ರಮದಿಂದ ಒಂದು ವರ್ಷದಲ್ಲಿ 46 ಪೌಂಡು (ಸುಮಾರು 21 ಕಿಲೋಗ್ರಾಂ) ತೂಕವನ್ನು ಇಳಿಸಿಕೊಂಡರು. ಶರ್ಕರಪಿಷ್ಟವನ್ನು ಮಿತಗೊಳಿಸುವ ಆಹಾರಪದ್ಧತಿಯನ್ನು ಜನಸಾಮಾನ್ಯರಲ್ಲಿ ಪ್ರಚಾರಕ್ಕೆ ತಂದವರಲ್ಲಿ ಅವರೇ ಮೊದಲಿಗರೆಂದು ಪರಿಗಣಿಸಲಾಗಿದೆ.

ಕುಟುಂಬ ಮತ್ತು ವೃತ್ತಿ

ಬ್ಯಾಂಟಿಂಗ್ ಕುಟುಂಬದ ಸಂಸ್ಥೆಯು ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿತ್ತು. 1811ರಿಂದ ಈ ಕುಟುಂಬಕ್ಕೆ ರಾಜಮನೆತನದ ಅಂತ್ಯಕ್ರಿಯೆಗಳ ಹೊಣೆ ದೊರೆಯಿತು. 1820ರಲ್ಲಿ ಮೂರನೆಯ ಜಾರ್ಜ್, 1830ರಲ್ಲಿ ನಾಲ್ಕನೆಯ ಜಾರ್ಜ್, 1852ರಲ್ಲಿ ವೆಲಿಂಗ್ಟನ್ನಿನ ಡ್ಯೂಕ್, 1861ರಲ್ಲಿ ರಾಣಿ ವಿಕ್ಟೋರಿಯಾಳ ಪತಿ ಆಲ್ಬರ್ಟ್ ಇವರ ಅಂತ್ಯಯಾತ್ರೆಗಳನ್ನು ಈ ಸಂಸ್ಥೆಯೇ ನಿರ್ವಹಿಸಿತು. ವಿಲಿಯಂ ಅವರ ಕಾಲಾನಂತರ ವಿಕ್ಟೋರಿಯಾ (1901) ಮತ್ತು ಏಳನೆಯ ಎಡ್ವರ್ಡ್ (1910) ಇವರ ಅಂತ್ಯಕ್ರಿಯೆಗಳೂ ಅದರ ಪಾಲಿಗೆ ಬಂದವು. ಐದು ತಲೆಮಾರುಗಳವರೆಗೆ ನಡೆದ ಈ ರಾಜಸೇವೆ 1928ರಲ್ಲಿ ಕೊನೆಗೊಂಡಿತು.

ಇಂತಹ ಕೆಲಸದಲ್ಲಿ ಸಮಯಪಾಲನೆ, ಶಿಸ್ತು, ಅಚ್ಚುಕಟ್ಟುತನಗಳಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ವಿಲಿಯಂ ಸುಮಾರು ಐವತ್ತು ವರ್ಷ ದುಡಿದು ನಿವೃತ್ತರಾದರು. ಅವರ ಕಥೆಯಲ್ಲಿ ಈ ಸಂಗತಿ ಮುಖ್ಯವಾದುದು. ಸೋಮಾರಿತನ ಮತ್ತು ಹೊಟ್ಟೆಬಾಕತನದಿಂದಲೇ ಬೊಜ್ಜು ಬರುತ್ತದೆಂದು ಸಮಾಜ ನಂಬಿದ್ದ ಕಾಲದಲ್ಲಿ, ಈ ಎರಡೂ ದೋಷಗಳನ್ನು ಅವರ ಮೇಲೆ ಹೊರಿಸುವುದು ಸುಲಭವಾಗಿರಲಿಲ್ಲ.

ಸ್ಥೂಲಕಾಯದೊಂದಿಗೆ ಹೋರಾಟ

ತಂದೆಯ ಕಡೆಯಲ್ಲಾಗಲಿ ತಾಯಿಯ ಕಡೆಯಲ್ಲಾಗಲಿ ಸ್ಥೂಲಕಾಯದವರು ಇರಲಿಲ್ಲವೆಂದು ಬ್ಯಾಂಟಿಂಗ್ ದಾಖಲಿಸಿದ್ದಾರೆ. ಮೂವತ್ತು ದಾಟಿದ ಮೇಲೆ ಮೈ ತುಂಬಿಕೊಳ್ಳುವ ಲಕ್ಷಣ ಕಾಣಿಸಿಕೊಂಡಾಗ ಅವರು ಅದನ್ನು ಕಡೆಗಣಿಸಲಿಲ್ಲ. ಪರಿಚಯದ ಶಸ್ತ್ರವೈದ್ಯರೊಬ್ಬರು ದೇಹಶ್ರಮವನ್ನು ಹೆಚ್ಚಿಸುವಂತೆ ಸೂಚಿಸಿದರು. ನದಿಯ ಸಮೀಪದಲ್ಲಿ ವಾಸವಾಗಿದ್ದ ಬ್ಯಾಂಟಿಂಗ್ ಭಾರವಾದ ದೋಣಿಯೊಂದನ್ನು ಇಟ್ಟುಕೊಂಡು ಪ್ರತಿದಿನ ಮುಂಜಾನೆ ಒಂದೆರಡು ಗಂಟೆ ಹುಟ್ಟು ಹಾಕಿದರು. ಸ್ನಾಯುಗಳು ಬಲಗೊಂಡವು, ಆದರೆ ಹಸಿವೂ ಅದೇ ಪ್ರಮಾಣದಲ್ಲಿ ಕೆರಳಿತು. ತೂಕ ಇಳಿಯುವುದರ ಬದಲು ಏರಿತು. ಕೊನೆಗೆ ಅದೇ ವೈದ್ಯರು ವ್ಯಾಯಾಮವನ್ನು ನಿಲ್ಲಿಸಲು ಹೇಳಬೇಕಾಯಿತು.

ಇದಾದ ಮೇಲೆ ಬೇರೆ ಬೇರೆ ಚಿಕಿತ್ಸೆಗಳ ದೀರ್ಘ ಸರಣಿಯೇ ಆರಂಭವಾಯಿತು. ಸಮುದ್ರತೀರದ ಹವೆ ಮತ್ತು ಸ್ನಾನ, ಕುದುರೆ ಸವಾರಿ, ಲೆಮಿಂಗ್ಟನ್, ಚೆಲ್ಟನ್‌ಹ್ಯಾಮ್ ಮತ್ತು ಹ್ಯಾರೊಗೇಟ್ ಊರುಗಳ ಖನಿಜಜಲ, ಕ್ಷಾರೀಯ ಔಷಧಗಳು ಇವೆಲ್ಲವೂ ಸರದಿಯಂತೆ ಬಂದುಹೋದವು. ಐವತ್ತು ಬಾರಿ ಟರ್ಕಿಶ್ ಹಬೆಸ್ನಾನ ಮಾಡಿದರೂ ಇಳಿದ ತೂಕ ಸುಮಾರು 6 ಪೌಂಡು ಮಾತ್ರ. ಅತ್ಯಲ್ಪ ಆಹಾರದ ಅರೆಹೊಟ್ಟೆಯ ಕ್ರಮವನ್ನೂ ಕೈಗೊಂಡರು. ಅದರಿಂದ ನಿತ್ರಾಣ ಉಂಟಾಗಿ ಮೈಮೇಲೆ ದೊಡ್ಡ ಕುರುಗಳೆದ್ದವು; ಬೊಜ್ಜು ಮಾತ್ರ ಹಾಗೆಯೇ ಉಳಿಯಿತು. ಪ್ರಸಿದ್ಧರಾದ ಅನೇಕ ವೈದ್ಯರನ್ನು ಕಂಡು, ಅವರ ಸಲಹೆಗಳನ್ನು ತಪ್ಪದೆ ಪಾಲಿಸಿದವರು ಬ್ಯಾಂಟಿಂಗ್. ಈ ಸೋಲುಗಳಿಗೆ ರೋಗಿಯ ಇಚ್ಛಾಶಕ್ತಿಯ ಕೊರತೆಯನ್ನು ಕಾರಣವಾಗಿ ಹೇಳುವಂತಿರಲಿಲ್ಲ.

ಅರವತ್ತೈದರ ಹೊತ್ತಿಗೆ ಅವರ ಸ್ಥಿತಿ ಶೋಚನೀಯವಾಗಿತ್ತು. ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಮೊಣಕಾಲು ಮತ್ತು ಕಣಕಾಲುಗಳ ಮೇಲೆ ಭಾರ ಬೀಳದಿರಲೆಂದು ಮೆಟ್ಟಿಲುಗಳನ್ನು ಹಿಮ್ಮುಖವಾಗಿ, ನಿಧಾನವಾಗಿ ಇಳಿಯುತ್ತಿದ್ದರು. ಸ್ವಲ್ಪ ಶ್ರಮಕ್ಕೂ ಏದುಸಿರು ಬರುತ್ತಿತ್ತು. ಹೊಕ್ಕುಳಿನ ಹರ್ನಿಯಾಕ್ಕಾಗಿ ಪಟ್ಟಿ ಬಿಗಿದುಕೊಳ್ಳಬೇಕಿತ್ತು. ದೃಷ್ಟಿ ಮಂದವಾಗುತ್ತಿತ್ತು, ಕಿವಿ ಕೇಳಿಸದಾಗುತ್ತಿತ್ತು. ಸಾರ್ವಜನಿಕ ವಾಹನಗಳಲ್ಲಿಯೂ ಸಭೆಗಳಲ್ಲಿಯೂ ಜನರ ಕುಹಕ ಮತ್ತು ನೋಟಗಳನ್ನು ಸಹಿಸಲಾರದೆ ಅಂತಹ ಕಡೆಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದರು. ದೇಹದ ನೋವಿನ ಜೊತೆಗೆ ಈ ಅವಮಾನವನ್ನೂ ಮುಚ್ಚುಮರೆಯಿಲ್ಲದೆ ಬರೆದಿರುವುದು ಅವರ ಪುಸ್ತಿಕೆಯ ವಿಶೇಷ. ಆ ಕಾಲದ ಗಣ್ಯ ವ್ಯಾಪಾರಿಯೊಬ್ಬರು ತಮ್ಮ ದೇಹದ ಬಗ್ಗೆ ಇಷ್ಟು ಬಿಚ್ಚುಮಾತಿನಲ್ಲಿ ಬರೆಯುವುದು ಅಪರೂಪವಾಗಿತ್ತು.

ವಿಲಿಯಂ ಹಾರ್ವೆ ಅವರ ಚಿಕಿತ್ಸೆ

ಬ್ಯಾಂಟಿಂಗರಿಗೆ ಪರಿಹಾರ ದೊರೆತದ್ದು ಬಹುಮಟ್ಟಿಗೆ ಆಕಸ್ಮಿಕ. ಕಿವುಡುತನ ಹೆಚ್ಚಿದಾಗ ಅವರು ಮೊದಲು ಪ್ರಸಿದ್ಧ ಕರ್ಣವೈದ್ಯರೊಬ್ಬರ ಬಳಿಗೆ ಹೋದರು. ಆ ವೈದ್ಯರು ಕಿವಿಯನ್ನು ಶುಚಿಗೊಳಿಸಿ, ಹೊರಗೆ ಬೊಬ್ಬೆ ಬರಿಸುವ ಔಷಧ ಹಚ್ಚಿ ಕಳುಹಿಸಿದರೇ ಹೊರತು ದೇಹದ ಉಳಿದ ತೊಂದರೆಗಳನ್ನು ವಿಚಾರಿಸಲಿಲ್ಲ. ಕೆಲವು ದಿನಗಳಲ್ಲಿ ಅವರು ಬೇಸಿಗೆಯ ರಜೆಗೆಂದು ಊರು ಬಿಟ್ಟು ಹೋದುದರಿಂದ ಬ್ಯಾಂಟಿಂಗ್ ಬೇರೊಬ್ಬರನ್ನು ಹುಡುಕಬೇಕಾಯಿತು. ಹೀಗೆ 1862ರ ಆಗಸ್ಟ್ ತಿಂಗಳಲ್ಲಿ ಸೋಹೊ ಸ್ಕ್ವೇರಿನ ಶಸ್ತ್ರವೈದ್ಯ ವಿಲಿಯಂ ಹಾರ್ವೆ ಅವರ ಭೇಟಿಯಾಯಿತು. (ರಕ್ತಪರಿಚಲನೆಯನ್ನು ನಿರೂಪಿಸಿದ ಹದಿನೇಳನೆಯ ಶತಮಾನದ ವಿಲಿಯಂ ಹಾರ್ವೆ ಇವರಲ್ಲ.)

ಕಿವಿಯ ದೋಷಕ್ಕೆ ಮೂಲ ಕಿವಿಯಲ್ಲಿಲ್ಲ, ದೇಹದಲ್ಲಿ ಸೇರಿರುವ ಕೊಬ್ಬಿನಲ್ಲಿದೆ ಎಂದು ಹಾರ್ವೆ ನಿರ್ಣಯಿಸಿದರು. ಈ ನಿರ್ಣಯದ ಹಿಂದೆ ಪ್ಯಾರಿಸ್ ನಗರದ ಪ್ರಭಾವವಿತ್ತು. ಫ್ರೆಂಚ್ ಶರೀರಕ್ರಿಯಾ ವಿಜ್ಞಾನಿ ಕ್ಲೋದ್ ಬರ್ನಾರ್ ಯಕೃತ್ತು ತಾನಾಗಿಯೇ ಸಕ್ಕರೆಯನ್ನು ಉತ್ಪಾದಿಸಬಲ್ಲದೆಂದು ತೋರಿಸಿದ್ದರು. ಮಧುಮೇಹದಲ್ಲಿ ಯಕೃತ್ತಿನ ಪಾತ್ರವನ್ನು ಕುರಿತು 1856ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಚರ್ಚೆಗಳನ್ನು ಹಾರ್ವೆ ಕೇಳಿದ್ದರು. ಸಕ್ಕರೆ ಮತ್ತು ಪಿಷ್ಟವಿಲ್ಲದ ಆಹಾರದಿಂದ ಮಧುಮೇಹಿಗಳ ಮೂತ್ರದಲ್ಲಿ ಸಕ್ಕರೆ ತಗ್ಗುತ್ತಿತ್ತು. ಸಾಕುಪ್ರಾಣಿಗಳನ್ನು ಕೊಬ್ಬಿಸಲು ರೈತರು ಕೊಡುತ್ತಿದ್ದುದು ಸಹ ಪಿಷ್ಟಭರಿತವಾದ ಧಾನ್ಯವನ್ನೇ. ಈ ಎರಡನ್ನೂ ಕೂಡಿಸಿ ನೋಡಿದ ಹಾರ್ವೆ, ಮಧುಮೇಹಿಗಳ ಪಥ್ಯವನ್ನು ಸ್ವಲ್ಪ ಮಾರ್ಪಡಿಸಿದರೆ ಬೊಜ್ಜನ್ನೂ ಕರಗಿಸಬಹುದೆಂದು ಊಹಿಸಿದರು.

ಅದುವರೆಗೆ ಬ್ಯಾಂಟಿಂಗ್ ಸೇವಿಸುತ್ತಿದ್ದುದು ಆ ಕಾಲದ ಅನುಕೂಲಸ್ಥರ ಸಾಮಾನ್ಯ ಆಹಾರ. ಬೆಳಿಗ್ಗೆ ಹಾಲು-ಬ್ರೆಡ್ಡು, ಇಲ್ಲವೇ ಧಾರಾಳವಾಗಿ ಹಾಲು ಸಕ್ಕರೆ ಬೆರೆಸಿದ ಚಹಾ ಮತ್ತು ಬೆಣ್ಣೆ ಸವರಿದ ಬ್ರೆಡ್ಡು. ಮಧ್ಯಾಹ್ನ ಮಾಂಸದೊಂದಿಗೆ ಬಿಯರು, ಬ್ರೆಡ್ಡು ಮತ್ತು ಹಿಟ್ಟಿನ ಸಿಹಿತಿನಿಸು. ಸಂಜೆ ಮತ್ತೆ ಬೆಳಗಿನಂತೆಯೇ ಉಪಾಹಾರ. ರಾತ್ರಿ ಹಣ್ಣಿನ ಕಡುಬು ಅಥವಾ ಹಾಲು-ಬ್ರೆಡ್ಡು. ಹಾರ್ವೆ ಇದರಲ್ಲಿ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಈ ಆರನ್ನು ಸಾಧ್ಯವಾದಷ್ಟು ಬಿಡುವಂತೆ ಹೇಳಿದರು. ಇವುಗಳಲ್ಲಿ ಪಿಷ್ಟ ಅಥವಾ ಸಕ್ಕರೆಯ ಅಂಶವಿದ್ದು ಅದು ಕೊಬ್ಬನ್ನು ಬೆಳೆಸುತ್ತದೆ ಎಂಬುದು ಕೊಟ್ಟ ಕಾರಣ. ಬೆಣ್ಣೆಯಲ್ಲಿ ಪಿಷ್ಟವೇ ಇಲ್ಲವೆಂಬುದನ್ನು ಗಮನಿಸಿದರೆ, ಪಥ್ಯವು ಅದರ ಸಮರ್ಥನೆಗಿಂತ ಚೆನ್ನಾಗಿ ಕೆಲಸ ಮಾಡಿತೆನ್ನಬೇಕು.

ಹೊಸ ಕ್ರಮದಲ್ಲಿ ದಿನಕ್ಕೆ ನಾಲ್ಕು ಬಾರಿ ಆಹಾರವಿತ್ತು. ಬೆಳಿಗ್ಗೆ 4–5 ಔನ್ಸ್ ಗೋಮಾಂಸ, ಕುರಿಮಾಂಸ ಅಥವಾ ಸುಟ್ಟ ಮೀನು, ಹಾಲು ಸಕ್ಕರೆಯಿಲ್ಲದ ಚಹಾ ಮತ್ತು ಒಂದು ಔನ್ಸ್ ಒಣ ಟೋಸ್ಟು. ಮಧ್ಯಾಹ್ನ 5–6 ಔನ್ಸ್ ಮೀನು ಅಥವಾ ಮಾಂಸ, ಆಲೂಗಡ್ಡೆಯ ಹೊರತು ಯಾವುದಾದರೂ ತರಕಾರಿ, ಎರಡು ಮೂರು ಲೋಟ ದ್ರಾಕ್ಷಾರಸದ ಮದ್ಯ. ಸಂಜೆ ಸ್ವಲ್ಪ ಹಣ್ಣು, ಒಂದೆರಡು ರಸ್ಕು ಮತ್ತು ಚಹಾ. ರಾತ್ರಿ ಮತ್ತೆ 3–4 ಔನ್ಸ್ ಮಾಂಸ ಅಥವಾ ಮೀನು, ಒಂದೆರಡು ಲೋಟ ಮದ್ಯ. ಸಾಮನ್ ಮೀನು, ಹಂದಿಮಾಂಸ, ಷಾಂಪೇನ್, ಪೋರ್ಟ್ ಮತ್ತು ಬಿಯರುಗಳು ನಿಷಿದ್ಧ. ಮಲಗುವ ಮುನ್ನ ಬೇಕೆನಿಸಿದರೆ ಸಕ್ಕರೆ ಬೆರೆಸದ ಜಿನ್, ವಿಸ್ಕಿ ಅಥವಾ ಬ್ರಾಂಡಿಗೂ ಅನುಮತಿಯಿತ್ತು. ಇಷ್ಟು ಮದ್ಯವನ್ನು ಇಂದಿನ ಯಾವ ವೈದ್ಯರೂ ಸೂಚಿಸಲಾರರು. ದಿನಕ್ಕೆ ಮೂರು ಹೊತ್ತು ಮಾಂಸವನ್ನು ಕೊಳ್ಳುವ ಶಕ್ತಿ ಅಂದಿನ ಲಂಡನ್ನಿನ ದುಡಿಯುವ ಜನರಿಗೆ ಇರಲಿಲ್ಲ; ಹಾಗಾಗಿ ಇದು ಮೂಲತಃ ಉಳ್ಳವರ ಪಥ್ಯವಾಗಿತ್ತು.

ತೂಕದ ದಾಖಲೆ

ವ್ಯವಹಾರದಲ್ಲಿ ರೂಢಿಸಿಕೊಂಡ ಲೆಕ್ಕದ ಶಿಸ್ತನ್ನು ಬ್ಯಾಂಟಿಂಗ್ ಇಲ್ಲಿಯೂ ಪಾಲಿಸಿದರು. 26 ಆಗಸ್ಟ್ 1862ರಂದು ಅವರ ತೂಕ 202 ಪೌಂಡು (91.6 ಕಿ.ಗ್ರಾಂ), ಎತ್ತರ ಸುಮಾರು 5 ಅಡಿ 5 ಅಂಗುಲ. ಆ ವರ್ಷದ ಡಿಸೆಂಬರ್ 24ಕ್ಕೆ ಅದು 184ಕ್ಕೂ, 1863ರ ಏಪ್ರಿಲ್ 29ಕ್ಕೆ 170ಕ್ಕೂ, ಆಗಸ್ಟ್ 26ಕ್ಕೆ 156 ಪೌಂಡಿಗೂ (70.8 ಕಿ.ಗ್ರಾಂ) ಇಳಿಯಿತು. ಸೊಂಟದ ಸುತ್ತಳತೆ ಸುಮಾರು 12 ಅಂಗುಲ ತಗ್ಗಿತು. ಇಂದು ಬಳಕೆಯಲ್ಲಿರುವ ದೇಹತೂಕ ಸೂಚ್ಯಂಕದಲ್ಲಿ ಹೇಳುವುದಾದರೆ, ಸುಮಾರು 33.6ರಿಂದ 26ಕ್ಕೆ ಬಂದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆ 30 ಮತ್ತು ಅದಕ್ಕಿಂತ ಹೆಚ್ಚಿನ ಸೂಚ್ಯಂಕವನ್ನು ಬೊಜ್ಜು ಎಂದು ಗುರುತಿಸುತ್ತದೆ.

ಈ ಪಟ್ಟಿಯಲ್ಲಿ ಗಮನ ಸೆಳೆಯುವುದು ಇಳಿಕೆಯ ನಿಧಾನಗತಿ. ಮೂರು ವಾರಗಳಿಗೊಮ್ಮೆ ಬರೆದಿಟ್ಟ ತೂಕದಲ್ಲಿ ಒಮ್ಮೆ 2, ಒಮ್ಮೆ 3, ಹೆಚ್ಚೆಂದರೆ 4 ಪೌಂಡುಗಳ ವ್ಯತ್ಯಾಸವಿದೆ. ವಾರಕ್ಕೆ ಸರಾಸರಿ 400 ಗ್ರಾಂ ಮಾತ್ರ. ವರ್ಷದುದ್ದಕ್ಕೂ ತೂಕ ಮೇಲೇರಿದ ನಮೂದು ಒಂದೂ ಇಲ್ಲ. ಹಿಂದಿನ ಎಲ್ಲ ಪ್ರಯತ್ನಗಳಿಂದ ಇದು ಭಿನ್ನವಾಗಿದ್ದುದು ಹಸಿವಿನ ವಿಷಯದಲ್ಲಿ: ಈ ಬಾರಿ ಅವರು ಹೊಟ್ಟೆ ತುಂಬ ತಿನ್ನುತ್ತಿದ್ದರು.

ತೂಕದ ಜೊತೆಗೆ ಉಳಿದ ತೊಂದರೆಗಳೂ ಹಿಂದೆ ಸರಿದವು. ಮೆಟ್ಟಿಲುಗಳನ್ನು ಎಲ್ಲರಂತೆ ಮುಮ್ಮುಖವಾಗಿ ಇಳಿಯತೊಡಗಿದರು, ತಮ್ಮ ಕೆಲಸಗಳನ್ನು ಪರಸಹಾಯವಿಲ್ಲದೆ ಮಾಡಿಕೊಂಡರು, ಹರ್ನಿಯಾದ ಬಾಧೆ ಕಡಿಮೆಯಾಯಿತು. ಅವರನ್ನು ಹಾರ್ವೆ ಬಳಿಗೆ ಕರೆತಂದಿದ್ದ ಕಿವುಡುತನವೂ ಸುಧಾರಿಸಿತು.

ಪುಸ್ತಿಕೆಯ ಪ್ರಕಟಣೆ

ತಮ್ಮಂತೆಯೇ ಬಳಲುತ್ತಿರುವವರಿಗೆ ವಿಷಯ ತಿಳಿಯಲಿ ಎಂಬ ಉದ್ದೇಶದಿಂದ ಬ್ಯಾಂಟಿಂಗ್ 1863ರಲ್ಲಿ ಸಾರ್ವಜನಿಕರನ್ನು ಉದ್ದೇಶಿಸಿದ ಪತ್ರದ ರೂಪದಲ್ಲಿ ಸ್ಥೂಲಕಾಯದ ಕುರಿತಾದ ಪುಸ್ತಿಕೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಮೊದಲ ಎರಡು ಮುದ್ರಣಗಳನ್ನು ಉಚಿತವಾಗಿ ಹಂಚಿದರು. ಬೇಡಿಕೆ ಅವರ ನಿರೀಕ್ಷೆಯನ್ನು ಮೀರಿದಾಗ 1864ರ ಮೂರನೆಯ ಆವೃತ್ತಿಗೆ ಒಂದು ಷಿಲಿಂಗ್ ಬೆಲೆ ಇಟ್ಟರು. ಅದು ಹತ್ತಾರು ಸಾವಿರ ಪ್ರತಿಗಳಲ್ಲಿ ಮಾರಾಟವಾಯಿತು. ಇದರಿಂದ ಹಣ ಮಾಡಿಕೊಂಡರೆಂಬ ಆಪಾದನೆಗೆ ಎಡೆಗೊಡದೆ ಲಾಭವನ್ನು ದತ್ತಿ ಸಂಸ್ಥೆಗಳಿಗೆ ಕೊಟ್ಟರು. ವಿಸ್ತರಿಸಿದ ನಾಲ್ಕನೆಯ ಆವೃತ್ತಿ 1869ರಲ್ಲಿ ಹೊರಬಂದಿತು.

ಬರಹದ ಧಾಟಿ ಸರಳವಾದುದು. ಶಾಸ್ತ್ರೀಯ ವಾದಗಳಿಗೆ ಕೈಹಾಕದೆ ತಮಗೆ ಆದುದನ್ನು, ತಾವು ತಿಂದುದನ್ನು, ತೂಕದ ಅಂಕಿಗಳನ್ನು ಅವರು ಮುಂದಿಟ್ಟರು. ಕೆಲವರಿಗೆ ಒಗ್ಗುವ ಆಹಾರ ವಯಸ್ಸಾದ ಮೇಲೆ ಅವರಿಗೇ ಹಾನಿಕರವಾಗಬಹುದೆಂಬುದನ್ನು ಕುದುರೆಗಳಿಗೆ ಹಾಕುವ ಕಾಳಿನ ಹೋಲಿಕೆಯಿಂದ ವಿವರಿಸಿದರು. ತೂಕ ಇಳಿದ ನಂತರ ನಿಷಿದ್ಧ ಪದಾರ್ಥಗಳನ್ನು ಒಂದೊಂದಾಗಿ ಮತ್ತೆ ತಿಂದು ನೋಡಿ, ತಮ್ಮ ಮಟ್ಟಿಗೆ ಎಲ್ಲಕ್ಕಿಂತ ಬೇಗ ಮೈ ಬೆಳೆಸುವುದು ಸಕ್ಕರೆ ಎಂಬ ತೀರ್ಮಾನಕ್ಕೂ ಬಂದರು. ಒಬ್ಬನೇ ವ್ಯಕ್ತಿಯ ಅನುಭವವಾದುದರಿಂದ ಇದಕ್ಕೆ ಪುರಾವೆಯ ತೂಕ ಕಡಿಮೆ. ಆದರೂ ತನ್ನ ಮೇಲೆಯೇ ನಡೆಸಿಕೊಂಡ ಪ್ರಯೋಗವಾಗಿ ಅದು ಕುತೂಹಲಕರವಾಗಿದೆ.

ವೈದ್ಯಲೋಕದ ಪ್ರತಿಕ್ರಿಯೆ

ಸಾಮಾನ್ಯ ಓದುಗರು ಪುಸ್ತಿಕೆಯನ್ನು ಸ್ವಾಗತಿಸಿದಷ್ಟೇ ತೀವ್ರವಾಗಿ ವೈದ್ಯಲೋಕ ಅದನ್ನು ಟೀಕಿಸಿತು. ಲ್ಯಾನ್ಸೆಟ್ ಸೇರಿದಂತೆ ವೈದ್ಯಕೀಯ ಪತ್ರಿಕೆಗಳಲ್ಲಿ ಆಕ್ಷೇಪಗಳು ಬಂದವು. ವೈದ್ಯನಲ್ಲದವನು ಚಿಕಿತ್ಸೆಯ ಬಗ್ಗೆ ಬರೆಯುವುದು ಸರಿಯಲ್ಲ, ಇದರಲ್ಲಿ ಹೊಸದೇನೂ ಇಲ್ಲ, ಇಷ್ಟು ಮಾಂಸ ಅಪಾಯಕಾರಿ ಎಂಬ ಪರಸ್ಪರ ಹೊಂದದ ವಾದಗಳು ಒಟ್ಟಿಗೇ ಕೇಳಿಬಂದವು. ಹೊಸದಲ್ಲವೆಂಬ ಮಾತಿನಲ್ಲಿ ಸತ್ಯಾಂಶವಿತ್ತು. ಫ್ರಾನ್ಸಿನ ಬ್ರಿಯಾ-ಸವಾರೆ 1825ರಷ್ಟು ಹಿಂದೆಯೇ ಬೊಜ್ಜಿಗೆ ಹಿಟ್ಟಿನ ಪದಾರ್ಥಗಳನ್ನು ಕಾರಣವೆಂದು ಗುರುತಿಸಿದ್ದರು. ಆದರೆ ಬ್ಯಾಂಟಿಂಗ್ ಕಂಡಿದ್ದ ಅಷ್ಟೊಂದು ವೈದ್ಯರಲ್ಲಿ ಒಬ್ಬರೂ ಆ ಸಲಹೆಯನ್ನು ಕೊಟ್ಟಿರಲಿಲ್ಲವೆಂಬುದೂ ಅಷ್ಟೇ ಸತ್ಯ.

ಹಾರ್ವೆ ಅವರ ಪಾಲಿಗೆ ಈ ಪ್ರಸಿದ್ಧಿ ಬಿಸಿತುಪ್ಪವಾಯಿತು. ಚಿಕಿತ್ಸೆಯ ಫಲ ಕಣ್ಣೆದುರಿಗಿದ್ದರೂ ಅದು ಹೇಗೆ ಫಲಿಸಿತೆಂದು ಶಾಸ್ತ್ರೀಯವಾಗಿ ವಿವರಿಸಲು ಅವರಿಂದ ಆಗಲಿಲ್ಲ. ಸಹವೃತ್ತಿಯವರ ಅಪಹಾಸ್ಯಕ್ಕೂ ಗುರಿಯಾದರು. 1872ರಲ್ಲಿ ಸ್ಥೂಲಕಾಯ ಮತ್ತು ರೋಗಗಳ ಸಂಬಂಧವನ್ನು ಕುರಿತು ತಮ್ಮದೇ ಗ್ರಂಥವನ್ನು ಪ್ರಕಟಿಸಿದರು. ಅಷ್ಟರೊಳಗೆ ಆ ಪಥ್ಯಕ್ಕೆ ರೋಗಿಯ ಹೆಸರೇ ಅಂಟಿಕೊಂಡಿತ್ತು. ಜರ್ಮನಿಯಲ್ಲಿ ಅದು ಬೇಗ ಹರಡಿತು. ಅಲ್ಲಿನ ವೈದ್ಯ ವಿಲ್‌ಹೆಲ್ಮ್ ಎಬ್‌ಸ್ಟೈನ್ 1882ರಲ್ಲಿ ಮಂಡಿಸಿದ ಪಥ್ಯ ಕೊಬ್ಬಿನ ಪದಾರ್ಥಗಳಿಗೆ ಅವಕಾಶ ಕೊಟ್ಟು ಪಿಷ್ಟವನ್ನು ಮಿತಗೊಳಿಸಿತು.

ಕೊನೆಯ ದಿನಗಳು

ಬ್ಯಾಂಟಿಂಗ್ ಇಳಿಸಿಕೊಂಡ ತೂಕವನ್ನು ಹೆಚ್ಚಿನ ಏರುಪೇರಿಲ್ಲದೆ ಕಾಪಾಡಿಕೊಂಡರು. 16 ಮಾರ್ಚ್ 1878ರಂದು, 81ನೆಯ ವಯಸ್ಸಿನಲ್ಲಿ, ಕೆನ್ಸಿಂಗ್ಟನ್ ಬಡಾವಣೆಯ ತಮ್ಮ ಮನೆಯಲ್ಲಿ ನಿಧನರಾದರು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಇನ್ಸುಲಿನ್ ಸಂಶೋಧಕರಲ್ಲಿ ಒಬ್ಬರಾದ ಕೆನಡಾದ ಫ್ರೆಡರಿಕ್ ಬ್ಯಾಂಟಿಂಗ್ ಇವರ ದೂರದ ಬಂಧುವೆಂದು ಹೇಳಲಾಗುತ್ತದೆ.

ನಂತರದ ಮೌಲ್ಯಮಾಪನ

ಬ್ಯಾಂಟಿಂಗ್ ಅವರ ತೂಕ ಏಕೆ ಇಳಿಯಿತೆಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ. ಶರ್ಕರಪಿಷ್ಟ ಕಡಿಮೆಯಾದಾಗ ರಕ್ತದಲ್ಲಿ ಇನ್ಸುಲಿನ್ ಮಟ್ಟ ತಗ್ಗಿ, ಸಂಗ್ರಹವಾದ ಕೊಬ್ಬು ಸುಲಭವಾಗಿ ಬಳಕೆಯಾಗುತ್ತದೆಂಬುದು ಒಂದು ಪಕ್ಷ. ಸಕ್ಕರೆ, ಬಿಯರು, ಸಿಹಿತಿನಿಸುಗಳು ಹೋದೊಡನೆ ಆಹಾರದ ಒಟ್ಟು ಕ್ಯಾಲೊರಿಗಳೂ ಇಳಿದವು, ಮಾಂಸದ ಪ್ರೋಟೀನು ಹಸಿವನ್ನು ಅಡಗಿಸಿತು ಎಂಬುದು ಇನ್ನೊಂದು ಪಕ್ಷ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 609 ಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಬ್ಬು ಕಡಿಮೆ ಮಾಡಿದವರು ವರ್ಷದಲ್ಲಿ ಸರಾಸರಿ 5.3 ಕಿಲೋ, ಶರ್ಕರಪಿಷ್ಟ ಕಡಿಮೆ ಮಾಡಿದವರು 6 ಕಿಲೋ ಇಳಿದಿದ್ದರು. ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಎರಡೂ ಗುಂಪುಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಇದ್ದ ಅಂತರ ಮಾತ್ರ ಬಹಳ ದೊಡ್ಡದಾಗಿತ್ತು. ಬ್ಯಾಂಟಿಂಗ್ ಆ ಪಥ್ಯ ಚೆನ್ನಾಗಿ ಒಗ್ಗಿದವರಲ್ಲಿ ಒಬ್ಬರಾಗಿದ್ದಿರಬಹುದು.

ಅವರ ಹಿಂದಿನ ಸೋಲುಗಳನ್ನು ವಿಜ್ಞಾನ ಈಗ ಹೆಚ್ಚು ಸ್ಪಷ್ಟವಾಗಿ ವಿವರಿಸುತ್ತದೆ. ಹಸಿವು ಮತ್ತು ಕೊಬ್ಬಿನ ಸಂಗ್ರಹದ ನಡುವಿನ ಕೊಂಡಿಯಾದ ಲೆಪ್ಟಿನ್ ಹಾರ್ಮೋನನ್ನು ಸಂಶೋಧಕರು ಗುರುತಿಸಿದ್ದು 1994ರಲ್ಲಿ. ಕೊಬ್ಬು ಕರಗಿದಾಗ ಲೆಪ್ಟಿನ್ ಇಳಿಯುತ್ತದೆ, ಹಸಿವು ಹೆಚ್ಚುತ್ತದೆ, ದೇಹ ವ್ಯಯಿಸುವ ಶಕ್ತಿಯೂ ತಗ್ಗುತ್ತದೆ. ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ದೇಹವೇ ಪ್ರಯತ್ನಿಸುವುದರಿಂದ, ಅರೆಹೊಟ್ಟೆಯಲ್ಲಿ ಇಳಿಸಿದ ತೂಕವನ್ನು ಉಳಿಸಿಕೊಳ್ಳುವುದು ಬಹುತೇಕರಿಗೆ ಕಷ್ಟವಾಗುತ್ತದೆ. ದೋಣಿ ನಡೆಸಿದ ದಿನಗಳಲ್ಲಿ ಬ್ಯಾಂಟಿಂಗ್ ಕಂಡ ಹೆಚ್ಚಿದ ಹಸಿವನ್ನೂ ಈ ಹಿನ್ನೆಲೆಯಲ್ಲಿಯೇ ಅರ್ಥೈಸಬಹುದು.

ಹೆಸರಿನ ಬಳಕೆ

ಬ್ಯಾಂಟಿಂಗ್ ಬದುಕಿದ್ದಾಗಲೇ ಅವರ ಹೆಸರು ಇಂಗ್ಲಿಷಿನಲ್ಲಿ ಪಥ್ಯ ಮಾಡುವುದಕ್ಕೆ ಪರ್ಯಾಯ ಪದವಾಯಿತು. ಉಪನಾಮದ ಕೊನೆಯ ಭಾಗವನ್ನು ಕ್ರಿಯಾಪದದ ಪ್ರತ್ಯಯವೆಂದು ಭಾವಿಸಿ ಬ್ಯಾಂಟ್ ಎಂಬ ಧಾತುವನ್ನೂ ಜನ ರೂಪಿಸಿಕೊಂಡರು. ಇಪ್ಪತ್ತನೆಯ ಶತಮಾನದಲ್ಲಿ ಈ ಬಳಕೆ ಇಂಗ್ಲಿಷಿನಲ್ಲಿ ಬಹುತೇಕ ಮರೆಯಾಯಿತು. ಅಮೆರಿಕದ ವೈದ್ಯ ರಾಬರ್ಟ್ ಆಟ್ಕಿನ್ಸ್ 1972ರಲ್ಲಿ ಜನಪ್ರಿಯಗೊಳಿಸಿದ ಪಥ್ಯಕ್ಕೂ ಇದಕ್ಕೂ ಹೋಲಿಕೆಗಳಿವೆ. ದಕ್ಷಿಣ ಆಫ್ರಿಕಾದಲ್ಲಿ ಟಿಮ್ ನೋಕ್ಸ್ ಮತ್ತು ಸಂಗಡಿಗರು 2013ರ ನಂತರ ಪ್ರಚಾರ ಮಾಡಿದ ಆಹಾರಕ್ರಮ ಬ್ಯಾಂಟಿಂಗ್ ಎಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅದು ಬೆಣ್ಣೆ ಮತ್ತು ಕೊಬ್ಬನ್ನು ಧಾರಾಳವಾಗಿ ಬಳಸಲು ಹೇಳುತ್ತದೆ. ಮೂಲ ಬ್ಯಾಂಟಿಂಗ್ ಪಥ್ಯದಲ್ಲಿ ಬೆಣ್ಣೆ ವರ್ಜ್ಯವಾಗಿತ್ತು. ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸಿಕೊಳ್ಳುವುದಕ್ಕೆ ಇಂದಿಗೂ ಬಳಕೆಯಲ್ಲಿರುವ ಕ್ರಿಯಾಪದ ಬಂತಾ. ಅದು ಹುಟ್ಟಿದ್ದು ಲಂಡನ್ನಿನ ಈ ವ್ಯಾಪಾರಿಯ ಹೆಸರಿನಿಂದ.